ಕ್ಷೇಮಪುರದ ಹೆಸರು ಹೊತ್ತ ಹಡಗು

ಗೇರುಸೊಪ್ಪೆಯಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟಿ, ನಗರಬಸ್ತಿಕೇರಿಯ ಕಾಡುದಾರಿಯನ್ನು ಹಿಡಿದು, ತರಗೆಲೆಗಳ ಮೇಲೆ ತನ್ನದೇ ಹೆಜ್ಜೆಯ ಸಪ್ಪಳವನ್ನಲ್ಲದೆ ಬೇರೇನನ್ನೂ ಕೇಳದೆ ನಡೆಯುವ ಪ್ರವಾಸಿಗೆ, ಮರಗಳು ಒಮ್ಮೆಗೇ ಹಿಂದೆ ಸರಿದು ಬಯಲು ಬಿಟ್ಟುಕೊಟ್ಟ ತಾಣವೊಂದರಲ್ಲಿ ಚತುರ್ಮುಖ ಬಸದಿಯು ಕಾಣಿಸುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಆ ಕಲ್ಲಿನ ಮನೆಯನ್ನೂ, ನಾಲ್ಕು ದಿಕ್ಕಿಗೂ ಮುಖಮಾಡಿದ ಅಲ್ಲಿಯ ಜಿನಬಿಂಬಗಳನ್ನೂ ಕಂಡಾಗ, ಇದು ಒಂದು ಕಾಲದಲ್ಲಿ ಎಲ್ಲ ದಿಕ್ಕಿನಿಂದಲೂ ಅತಿಥಿಗಳನ್ನು ಎದುರುನೋಡುತ್ತಿದ್ದ ಊರಾಗಿರಬೇಕೆಂಬುದು ಯಾರೂ ಹೇಳದೆಯೇ ಮನಸ್ಸಿಗೆ ಹೊಳೆಯುತ್ತದೆ.

ಶಾಸನಗಳು ಈ ಊರನ್ನು ಎರಡು ಹೆಸರುಗಳಿಂದ ಕರೆದಿವೆ. ಭಲ್ಲಾತಕೀಪುರವೆಂಬುದು ಗೇರಿಗೆ ತೊಡಿಸಿದ ಸಂಸ್ಕೃತದ ಉಡುಗೆ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಇನ್ನೊಂದು ಹೆಸರು ಕ್ಷೇಮಪುರ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯು 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ನಾಡನ್ನಾಳುತ್ತಿದ್ದಾಗ, ಘಟ್ಟದ ಕರಿಮೆಣಸು ಹೊಳೆಯ ದೋಣಿಗಳಲ್ಲಿ ಹೊನ್ನಾವರದ ಅಳಿವೆಗಿಳಿದು, ಅಲ್ಲಿಂದ ಹಡಗುಗಳನ್ನೇರಿ, ಹೆಸರು ಕೇಳಿಯೂ ಅರಿಯದ ದೇಶಗಳ ಅಡಿಗೆಮನೆಗಳಿಗೆ ಸಾಗುತ್ತಿದ್ದಾಗ, ಆ ಹೆಸರು ಊರಿಗೆ ಒಪ್ಪುತ್ತಿದ್ದಿರಬೇಕು. ಈಗ ಅಲ್ಲಿ ಉಳಿದಿರುವುದು ಬಸದಿಯ ಕಲ್ಲು, ಕಾಡಿನ ಮೌನ, ಮತ್ತು ಹೊಳೆ.

ಆ ಹೊಳೆಯನ್ನು ನನ್ನನ್ನು ದಾಟಿಸಿದ ದೋಣಿಯವನು ಮುದುಕ, ಮಾತು ಕಡಮೆ. ಹಿಂದಿರುಗುವಾಗ, ಸುಮ್ಮನೆ ಕುಳಿತಿರಲಾರದೆ, ಕೆಲವು ವರ್ಷಗಳ ಹಿಂದೆ ಪತ್ರಿಕೆಯಲ್ಲಿ ಓದಿದ್ದ ಸಂಗತಿಯೊಂದನ್ನು ಅವನಿಗೆ ಹೇಳಿದೆನು: ನಿಮ್ಮ ಊರಿನ ಹೆಸರನ್ನೇ ಇಟ್ಟುಕೊಂಡಿದ್ದ ಬ್ರಿಟಿಷರ ಹಡಗೊಂದು ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಹೋಗಿತ್ತೆಂದೂ, ಎಪ್ಪತ್ತು ವರ್ಷಗಳ ತರುವಾಯ ಅದರ ಹೊಟ್ಟೆಯೊಳಗಿನ ಬೆಳ್ಳಿಯನ್ನು ಯಂತ್ರಗಳಿಂದ ಮೇಲೆತ್ತಿದರೆಂದೂ, ಅದರ ಬೆಲೆ ಕೋಟಿಗಟ್ಟಲೆಯೆಂದೂ ವಿವರಿಸಿದೆನು. ಬೆಳ್ಳಿಯ ತೂಕವನ್ನು ಕೇಳಿ ಅವನು ಬೆರಗಾಗುವನೆಂದು ನಾನು ನಿರೀಕ್ಷಿಸಿದ್ದೆನು. ಅವನು ಹುಟ್ಟನ್ನು ಒಂದು ಗಳಿಗೆ ನಿಲ್ಲಿಸಿ, “ನಮ್ ಬದಿಯವ್ರು ಯಾರಾದ್ರೂ ಇದ್ರಾ ಅದ್ರಲ್ಲಿ?” ಎಂದು ಕೇಳಿದನು.

ನನಗೆ ತಿಳಿದಿರಲಿಲ್ಲ. ಬೆಳ್ಳಿಯ ಗಟ್ಟಿಗಳ ಲೆಕ್ಕವನ್ನು ಬಾಯಿಪಾಠ ಒಪ್ಪಿಸಿದ ನನಗೆ, ಹಡಗಿನಲ್ಲಿ ಯಾರಿದ್ದರೆಂದು ವಿಚಾರಿಸಬೇಕೆಂದು ಅದುವರೆಗೆ ತೋರಿರಲಿಲ್ಲ. 2018ರಲ್ಲಿ ಬೇರೊಂದು ಕಾರ್ಯನಿಮಿತ್ತ ಇಂಗ್ಲೆಂಡಿಗೆ ಹೋಗುವ ಸಂದರ್ಭ ಒದಗಿದಾಗ ಹದಿನೈದು ದಿನಗಳನ್ನು ಹೆಚ್ಚಿಗೆ ಇಟ್ಟುಕೊಂಡು ಹೊರಟದ್ದು ಈ ಒಂದು ಪ್ರಶ್ನೆಯ ಋಣದಿಂದ.

ಹಡಗಿಗೆ ಈ ಹೆಸರು ಬಂದ ಬಗೆಯನ್ನು ಮೊದಲು ಹೇಳಬೇಕು. ನಾವು ಜೋಗವೆಂದು ಕರೆಯುವ ಜಲಪಾತವನ್ನು ಇಂಗ್ಲಿಷರು ಗೇರುಸೊಪ್ಪೆಯ ಜಲಪಾತವೆಂದೇ ಕರೆಯುತ್ತಿದ್ದರು. 830 ಅಡಿಗಳ ಆ ಧುಮುಕನ್ನು ನೋಡಲು ಬಂದ ದೊರೆಗಳೂ ದೊರೆಸಾನಿಗಳೂ ಬರೆದಿಟ್ಟ ವರ್ಣನೆಗಳಿಂದ ಆ ಹೆಸರು ಸಮುದ್ರದಾಚೆಗೂ ಪರಿಚಿತವಾಗಿತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಗೆ ತನ್ನ ಹಡಗುಗಳಿಗೆ ‘ಆ’ಕಾರದಲ್ಲಿ ಕೊನೆಗೊಳ್ಳುವ ಹೆಸರುಗಳನ್ನು, ಅದರಲ್ಲಿಯೂ ನಮ್ಮ ದೇಶದ ಊರುಗಳ ಹೆಸರುಗಳನ್ನು ಹುಡುಕಿ ಇಡುವ ವಾಡಿಕೆಯಿತ್ತು. ಇಂಗ್ಲೆಂಡಿನ ಟೈನ್ ನದಿಯ ದಂಡೆಯ ಜ್ಯಾರೋ ಎಂಬಲ್ಲಿ 1919ರಲ್ಲಿ ಸಿದ್ಧವಾದ, ಸುಮಾರು ನಾನೂರು ಅಡಿ ಉದ್ದದ, ಐದು ಸಾವಿರ ಟನ್ನಿಗೂ ಮಿಕ್ಕ ಗಾತ್ರದ ಸರಕು ಹಡಗೊಂದಕ್ಕೆ ಹೀಗೆ ನಮ್ಮ ಕಾಡಿನ ಊರಿನ ಹೆಸರು ಅಂಟಿಕೊಂಡಿತು. ಅಂಟಿಕೊಳ್ಳುವಾಗ ಆಂಗ್ಲರ ನಾಲಗೆಗೆ ಸಿಕ್ಕಿ ‘ಗೈರ್ಸೊಪ್ಪ’ ಎಂದಾಯಿತು. ಇಟ್ಟವರಿಗೆ ಅದರ ಇನ್ನೊಂದು ಹೆಸರು ಕ್ಷೇಮಪುರವೆಂಬುದು ತಿಳಿದಿದ್ದೀತೆಂದು ನನಗನ್ನಿಸುವುದಿಲ್ಲ.

1940ರ ಡಿಸೆಂಬರಿನಲ್ಲಿ ಈ ಹಡಗು ಕಲಕತ್ತೆಯಿಂದ ಹೊರಟಿತು. ಅದರ ಒಡಲಲ್ಲಿದ್ದುದು ಬೀಡುಕಬ್ಬಿಣ, ಚಹಾ, ಬೆಳ್ಳಿ ಮತ್ತು ಅಂಚೆಯ ಚೀಲಗಳು. ಆಫ್ರಿಕದ ಪಶ್ಚಿಮ ತೀರದ ಫ್ರೀಟೌನನ್ನು ಮುಟ್ಟಿ, 1941ರ ಜನವರಿಯ ಕೊನೆಯಲ್ಲಿ ಅಲ್ಲಿಂದ ಇತರ ಹಡಗುಗಳ ಗುಂಪಿನೊಡನೆ ಉತ್ತರಾಭಿಮುಖವಾಗಿ ಸಾಗಿತು. ದಾರಿಯಲ್ಲಿ ಹವೆ ಕೆಟ್ಟಿತು. ಇದಿರುಗಾಳಿಯೊಡನೆ ಸೆಣಸುವುದರಲ್ಲಿ ಕಲ್ಲಿದ್ದಲು ಎಣಿಸಿದ್ದಕ್ಕಿಂತ ಬೇಗನೆ ಸವೆಯಿತು. ಗುಂಪಿನೊಡನೆ ಲಿವರ್‌ಪೂಲಿನವರೆಗೆ ಹೋಗುವಷ್ಟು ಉರುವಲು ಉಳಿದಿಲ್ಲವೆಂದು ಮನಗಂಡ ಕಪ್ತಾನನು, ಫೆಬ್ರವರಿ 14ರಂದು, ಗುಂಪನ್ನು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಬಂದರಿನತ್ತ ಹಡಗನ್ನು ತಿರುಗಿಸಿದನು. ರಾಜ್ಯದ ಬೊಕ್ಕಸಕ್ಕೆ ಸಾಲುವಷ್ಟು ಬೆಳ್ಳಿಯನ್ನು ಹೊತ್ತಿದ್ದ ಹಡಗು ಒಲೆಗೆ ಹಾಕುವ ಕರಿಕಲ್ಲಿಲ್ಲದೆ ಬಡವಾಯಿತು. 16ರಂದು ಜರ್ಮನರ ವಿಮಾನವೊಂದು ನೆತ್ತಿಯ ಮೇಲೆ ಸುತ್ತಿ ನೋಡಿ ಹೋಯಿತು. ಅದೇ ರಾತ್ರಿ, ಅರ್ನ್ಸ್ಟ್ ಮೆಂಗರ್ಸನ್ನನ ಅಧೀನದಲ್ಲಿದ್ದ ಯು-101 ಎಂಬ ಜಲಾಂತರ್ಗಾಮಿಯ ಟಾರ್ಪೀಡೊ ಹಡಗಿನ ಬಲಮಗ್ಗುಲನ್ನು ಸೀಳಿತು. ಮುಂದಿನ ಕೂವೆಮರ ಉರುಳಿ, ಅದರೊಡನೆ ನಿಸ್ತಂತುವಿನ ತಂತಿಗಳೂ ಹರಿದುಹೋದುದರಿಂದ, ‘ನಾವು ಮುಳುಗುತ್ತಿದ್ದೇವೆ’ ಎಂಬ ಮಾತನ್ನು ಕೂಡ ಯಾರಿಗೂ ತಲಪಿಸಲಾಗಲಿಲ್ಲ. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯಿತು.

ಲಂಡನ್ನಿನ ಮೌಂಟ್ ಪ್ಲೆಸೆಂಟ್ ಬೀದಿಯ ಬಳಿ ಅಂಚೆ ವಸ್ತುಸಂಗ್ರಹಾಲಯವಿದೆ. ನಾನು ಹೋದಾಗ ಅಲ್ಲಿ ಈ ಹಡಗಿನಲ್ಲಿ ದೊರೆತ ಪತ್ರಗಳ ವಿಶೇಷ ಪ್ರದರ್ಶನವೊಂದು ನಡೆಯುತ್ತಿತ್ತು. ಬೆಳ್ಳಿಗಾಗಿ ಹೋದವರಿಗೆ ಹಡಗಿನ ಸರಕುಕೋಣೆಯಲ್ಲಿ ಅಕಸ್ಮಾತ್ತಾಗಿ 700ಕ್ಕೂ ಮೇಲ್ಪಟ್ಟ ಪತ್ರಗಳು ದೊರೆತಿದ್ದವು. ನೀರಿನಲ್ಲಿ ಎಪ್ಪತ್ತು ವರ್ಷ ಬಿದ್ದಿದ್ದ ಕಾಗದ! ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಮಳೆಗಾಲಕ್ಕೆ ಪಂಚಾಂಗವೂ ಬೂಸಲು ಹಿಡಿಯುವುದನ್ನು ಕಂಡು ಬೆಳೆದ ನನಗೆ ಇದು ನಂಬುವ ಮಾತಾಗಿ ತೋರಲಿಲ್ಲ. ಕಾರಣವನ್ನು ತಿಳಿದಾಗ ಅದು ಸಹಜವೇ ಆಗಿತ್ತು: ಕಾಗದವನ್ನು ಕೆಡಿಸುವುವು ಬೆಳಕು, ಬಿಸುಪು, ಗಾಳಿಯಲ್ಲಿನ ಪ್ರಾಣವಾಯು ಮತ್ತು ಅದನ್ನು ನೆಚ್ಚಿ ಬದುಕುವ ಕ್ಷುದ್ರಜೀವಿಗಳು; ಮೂರು ಮೈಲಿಗೆ ಹತ್ತಿರದ ಆಳದಲ್ಲಿ, ಹಿಮದಷ್ಟೇ ತಣ್ಣಗಿನ ಕತ್ತಲೆಯಲ್ಲಿ, ಇತರ ಸರಕಿನ ಅಡಿಯಲ್ಲಿ ಅದುಮಿ ಮುಚ್ಚಿಹೋದ ಚೀಲಕ್ಕೆ ಇವಾವುವೂ ತಲಪಲಿಲ್ಲ. ಒದ್ದೆ ಮುದ್ದೆಯಾಗಿ ಮೇಲೆ ಬಂದ ಆ ಕಾಗದಗಳನ್ನು ಸಂರಕ್ಷಕರು ಒಂದರಿಂದೊಂದು ಬಿಡಿಸಿ, ಉಪ್ಪನ್ನು ಕಳೆದು, ಒಣಗಿಸಿ, ಓದಲು ಬರುವಂತೆ ಮಾಡಿದ್ದರು.

ಗಾಜಿನಡಿಯ ಒಂದು ಪತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆನು. ಹಾಳೆಯು ಚಹದ ಬಣ್ಣಕ್ಕೆ ತಿರುಗಿತ್ತು. ನಾಲ್ಕಾಗಿ ಮಡಿಸಿದ್ದ ಗೆರೆಗಳು ಈಗಲೂ ಸ್ಪಷ್ಟವಾಗಿದ್ದವು. ಬರೆದಾತನು ಉಗುರಿನಿಂದ ಒತ್ತಿ ತೀಡಿದ್ದನೋ ಎಂಬಂತೆ ಒಂದು ಮಡಿಕೆ ಮಾತ್ರ ಉಳಿದವುಗಳಿಗಿಂತ ಹೆಚ್ಚು ಆಳವಾಗಿತ್ತು. ಮಸಿಯ ಅಕ್ಷರಗಳು ಕೆಲವೆಡೆ ನೆರೆಯಲ್ಲಿ ಗದ್ದೆಯ ಅಂಚುಗಳು ಕಲಸಿಹೋದಂತೆ ಹರಡಿದ್ದವು. ಆದರೆ ಪಕ್ಕದ ಇನ್ನೊಂದು ಹಾಳೆಯಲ್ಲಿ ಸೀಸದಕಡ್ಡಿಯಿಂದ ಗೀಚಿದ ಸಾಲುಗಳು ನಿನ್ನೆ ಬರೆದಂತಿದ್ದವು. ಸೀಸದಕಡ್ಡಿಯ ಕರಿಯು ನೀರಿನಲ್ಲಿ ಕರಗುವ ಪದಾರ್ಥವಲ್ಲ. ಮಸಿಕುಡಿಕೆಯನ್ನು ಹೊಂದಿಸಿಕೊಳ್ಳಲಾಗದೆ, ಅವಸರದಲ್ಲಿ ಕೈಗೆ ಸಿಕ್ಕ ಕಡ್ಡಿಯಿಂದ ಬರೆದವನ ಮಾತು ಹೀಗೆ ಹೆಚ್ಚು ಬಾಳಿತು.

ಬರೆದವರು ಬಹುಮಟ್ಟಿಗೆ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು. ಅವರೊಡನೆ ಕೆಲವರು ಪಾದ್ರಿಗಳು, ವ್ಯಾಪಾರಸ್ಥರು. ಬರೆದ ಕಾಲ 1940ರ ಚಳಿಗಾಲ, ಕ್ರಿಸ್‌ಮಸ್ಸಿನ ಆಸುಪಾಸು. ಜರ್ಮನರ ಬಾಂಬುಗಳು ಲಂಡನ್ನಿನ ಮೇಲೂ ಇತರ ನಗರಗಳ ಮೇಲೂ ರಾತ್ರಿರಾತ್ರಿಯೂ ಬೀಳುತ್ತಿದ್ದ ಆ ದಿನಗಳಲ್ಲಿ, ಕದನಕ್ಕೆಂದು ದೂರದೇಶಕ್ಕೆ ಹೋದ ಮಗನು ಸುರಕ್ಷಿತನಾಗಿದ್ದು, ಒಲೆಯ ಮುಂದೆ ಕುಳಿತಿರಬೇಕಾದ ತಾಯಿಯೇ ಅಪಾಯದಲ್ಲಿದ್ದ ವಿಪರೀತ ಒದಗಿತ್ತು. ಆದುದರಿಂದ ಪತ್ರಗಳ ಭಾವವೆಲ್ಲ ಒಂದೇ: ನಾನಿಲ್ಲಿ ಚೆನ್ನಾಗಿದ್ದೇನೆ; ನೀವು ಹೇಗಿದ್ದೀರಿ? ನಮ್ಮ ಹಿರಿಯರು ಕಾರ್ಡಿನ ತಲೆಯ ಮೇಲೆ ‘ಕ್ಷೇಮ’ ಎಂದು ಬರೆದು, ಮೊದಲ ಸಾಲಿನಲ್ಲಿಯೇ ‘ಉಭಯಕುಶಲೋಪರಿ’ ಎಂದು ತೊಡಗುತ್ತಿದ್ದರಲ್ಲವೆ? ಬಾಲ್ಯದಲ್ಲಿ ಅಜ್ಜಿಗೆ ಪತ್ರ ಬರೆದುಕೊಡುತ್ತಿದ್ದ ನನಗೆ ಅದು ಬರಿಯ ಶಿಷ್ಟಾಚಾರವೆಂದು ತೋರುತ್ತಿತ್ತು. ಆ ಎರಡು ಪದಗಳನ್ನು ಬಿಟ್ಟರೆ ಸುದ್ದಿಗೆ ಇನ್ನಷ್ಟು ಜಾಗ ಸಿಕ್ಕೀತೆಂದು ವಾದಿಸುತ್ತಿದ್ದೆನು. ಅಂಚೆಯಾಳು ಪತ್ರವನ್ನು ಓದಿ ಹೇಳುವಾಗ ಅಜ್ಜಿಯು ಆ ಪದಗಳವರೆಗೆ ಉಸಿರು ಬಿಗಿಹಿಡಿದಿದ್ದು, ಅವು ಬಂದೊಡನೆ ಕೈಯ ಕೆಲಸಕ್ಕೆ ಮರಳುತ್ತಿದ್ದುದರ ಅರ್ಥ ನನಗಾದುದು ಈ ಗಾಜಿನ ಪೆಟ್ಟಿಗೆಗಳ ಎದುರಿನಲ್ಲಿ. ಕ್ಷೇಮಪುರದ ಹೆಸರಿನ ಹಡಗು ಹೊತ್ತು ತಂದದ್ದು ಕ್ಷೇಮಸಮಾಚಾರವನ್ನು; ಅದು ತಲಪಬೇಕಾದಲ್ಲಿಗೆ ತಲಪಲಿಲ್ಲ.

ಇವುಗಳಲ್ಲೊಂದು, ತನ್ನ ವಿವಾಹದ ಬಿನ್ನಹಕ್ಕೆ ಒಪ್ಪಿಗೆ ಕೊಟ್ಟ ತರುಣಿಗೆ ಸೈನಿಕನೊಬ್ಬನು ಹರ್ಷಪರವಶನಾಗಿ ಬರೆದ ಪತ್ರ. ಆ ವಿವಾಹ ನಡೆಯಲೇ ಇಲ್ಲ. ಆಕೆಯಾದರೋ, ಬೇರೊಬ್ಬನನ್ನು ವರಿಸಿ, ಸಂಸಾರ ನಡೆಸಿ, ಹಣ್ಣು ಮುದುಕಿಯಾಗಿದ್ದಾಗ, ಈ ಹರ್ಷವು ಆಕೆಯ ಕಣ್ಣಿಗೆ ಬಿದ್ದಿತು. ಅದನ್ನೋದಿದಾಗ ಆಕೆಯ ಮನಸ್ಸಿನಲ್ಲೇನಾಯಿತೆಂದು ಊಹಿಸುವುದು ಅವಿನಯವಾದೀತು.

ಬೆಳ್ಳಿಯ ಕಥೆ ಬೇರೆ. ಯುದ್ಧಕಾಲದಲ್ಲಿ ಸರಕಿಗೆ ವಿಮೆಯಿತ್ತವರು ಬ್ರಿಟಿಷ್ ಸರ್ಕಾರದವರೇ ಆದುದರಿಂದ, ನಷ್ಟವನ್ನು ತುಂಬಿಕೊಟ್ಟ ಸರ್ಕಾರಕ್ಕೆ ಮುಳುಗಿದ ಬೆಳ್ಳಿಯ ಸ್ವಾಮ್ಯ ಬಂದಿತ್ತು. ಒಡಿಸ್ಸಿ ಮರೈನ್ ಎಕ್ಸ್‌ಪ್ಲೊರೇಶನ್ ಎಂಬ ಅಮೆರಿಕದ ಸಂಸ್ಥೆಯೊಡನೆ ಅದು ಕರಾರು ಮಾಡಿಕೊಂಡಿತು: ಖರ್ಚೂ ಗಂಡಾಂತರವೂ ನಿಮ್ಮದು, ಎತ್ತಿದ ಬೆಳ್ಳಿಯಲ್ಲಿ ಶೇಕಡಾ 80 ನಿಮ್ಮದು, ಉಳಿದುದು ನಮ್ಮದು. 2011ರಲ್ಲಿ, ಐರ್ಲೆಂಡಿನ ನೈಋತ್ಯಕ್ಕೆ ಸುಮಾರು ಮುನ್ನೂರು ಮೈಲಿಗಳಾಚೆ, ಶಬ್ದತರಂಗಗಳನ್ನು ಕಳುಹಿಸಿ ಅವುಗಳ ಮಾರ್ದನಿಯಿಂದ ತಳದ ಆಕಾರವನ್ನು ಬರೆದುಕೊಳ್ಳುವ ಉಪಕರಣದ ನೆರವಿನಿಂದ, 4,700 ಮೀಟರ್ ಆಳದಲ್ಲಿ ಹಡಗು ಪತ್ತೆಯಾಯಿತು. ಟೈಟಾನಿಕ್ ಮಲಗಿರುವುದಕ್ಕಿಂತಲೂ ಇದು ಸುಮಾರು ಒಂಬೈನೂರು ಮೀಟರ್ ಹೆಚ್ಚಿನ ಆಳ. ಜೋಗದ ರಾಜಾ ಧಾರೆಯನ್ನು ಒಂದರ ಕೆಳಗೊಂದರಂತೆ ಹದಿನೆಂಟು ಸಲ ಇಟ್ಟರೂ ಆ ತಳ ಸಿಗದು. ಅಲ್ಲಿಯ ನೀರಿನ ಒತ್ತಡವು ಭೂಮಿಯ ಮೇಲಿನ ಗಾಳಿಯ ಒತ್ತಡದ ನಾನೂರೈವತ್ತು ಪಟ್ಟಿಗೂ ಮೇಲು. ಮನುಷ್ಯನು ಮುಳುಗುಹಾಕಿ ಹೋಗುವ ಮಾತಿಲ್ಲ. ಉದ್ದವಾದ ಹಗ್ಗದಂಥ ತಂತಿಯ ತುದಿಗೆ ಕಟ್ಟಿದ, ದೀಪವೂ ಕ್ಯಾಮೆರಾವೂ ಉಕ್ಕಿನ ಕೈಗಳೂ ಉಳ್ಳ ಯಂತ್ರವನ್ನು ಇಳಿಬಿಟ್ಟು, ಮೇಲೆ ಅಲೆಗಳಲ್ಲಿ ತೂಗುವ ಹಡಗಿನಲ್ಲಿ ಪರದೆಯ ಮುಂದೆ ಕುಳಿತು, ಕೆಳಗಿನ ಕತ್ತಲೆಯಲ್ಲಿ ಗಟ್ಟಿಗಳನ್ನು ಒಂದೊಂದಾಗಿ ಆಯಬೇಕು. 2012ರ ಬೇಸಗೆಯಲ್ಲಿ 1,218 ಗಟ್ಟಿಗಳೂ, ಮರುವರ್ಷ 1,574 ಗಟ್ಟಿಗಳೂ ಮೇಲೆ ಬಂದವು. ಒಂದೊಂದೂ ಸುಮಾರು 1,100 ಔನ್ಸು. ಎಂದರೆ ಮೂವತ್ತನಾಲ್ಕು ಕಿಲೊ, ನಮ್ಮ ಕಡೆಯ ತೂಕದಲ್ಲಿ ಹೇಳುವುದಾದರೆ ಒಂದಾಳು ತಲೆಯ ಮೇಲೆ ಹೊರಬಹುದಾದ ಅಕ್ಕಿಯ ಮೂಟೆ. ಎಲ್ಲವೂ ಸೇರಿ ನೂರು ಟನ್ನಿನ ಆಸುಪಾಸು. ಅಷ್ಟು ಆಳದಿಂದ ಅಷ್ಟು ಭಾರದ ಅಮೂಲ್ಯ ಲೋಹವನ್ನು ಮನುಷ್ಯನು ಅದುವರೆಗೆ ಎತ್ತಿದ್ದಿಲ್ಲ.

ಈ ಸಾಹಸವನ್ನು ಹಗುರಾಗಿ ಕಾಣುವ ಮನಸ್ಸು ನನಗಿಲ್ಲ. ಬೆಳ್ಳಿಯ ಆಸೆಯಿಲ್ಲದಿದ್ದರೆ ಆ ಯಂತ್ರವು ಇಳಿಯುತ್ತಿರಲಿಲ್ಲ, ಯಂತ್ರ ಇಳಿಯದಿದ್ದರೆ ಆ ಪತ್ರಗಳು ಲೋಕ ಮುಗಿಯುವವರೆಗೂ ಅಲ್ಲಿಯೇ ಇರುತ್ತಿದ್ದುವು. ಲೋಭವು ತಾನು ಹುಡುಕದ ವಸ್ತುವನ್ನು ಕೂಡ ಕೆಲವೊಮ್ಮೆ ಮನೆಗೆ ತರುತ್ತದೆ.

ಎತ್ತಿದ ಬೆಳ್ಳಿಯ ಒಂದು ಭಾಗವನ್ನು ವೇಲ್ಸಿನಲ್ಲಿರುವ ರಾಜ ಟಂಕಸಾಲೆಯವರು ಕೊಂಡು, ಕಾಲು ಔನ್ಸಿನ ಚಿಕ್ಕ ನಾಣ್ಯಗಳನ್ನು ಅಚ್ಚುಹಾಕಿದರು. ಲಂಡನ್ನಿನ ನಾಣ್ಯದಂಗಡಿಯೊಂದರಲ್ಲಿ ಅಂಥದೊಂದನ್ನು ಕೊಂಡೆನು. ಮುಕ್ಕಾಲು ತೊಲದಷ್ಟೂ ತೂಗದು. ನಮ್ಮ ಎಳೆಮಕ್ಕಳ ಉಡುದಾರದ ಬೆಳ್ಳಿ ಇದಕ್ಕಿಂತ ಭಾರ. ಒಂದು ಮುಖದಲ್ಲಿ ರಾಣಿಯ ಚಿತ್ರ. ಇನ್ನೊಂದರಲ್ಲಿ ತ್ರಿಶೂಲವನ್ನೂ ಗುರಾಣಿಯನ್ನೂ ಹಿಡಿದು ಸಮುದ್ರದ ಒಡತಿಯೆಂಬ ಗತ್ತಿನಿಂದ ನಿಂತ ಬ್ರಿಟಾನಿಯಾ ದೇವಿ. ಅಂಗಡಿಯಾತನು ಅದನ್ನು ಎರಡು ಬೆರಳುಗಳಲ್ಲಿ ಅಂಚು ಮೇಲೆ ಬರುವಂತೆ ಹಿಡಿದು, ದೀಪಕ್ಕೆ ಓರೆಯಾಗಿ ತಿರುಗಿಸಿ ತೋರಿಸಿದನು. ಬತ್ತದ ಕಾಳಿನ ದಪ್ಪವೂ ಇಲ್ಲದ ಆ ಅಂಚಿನ ಮೇಲೆ, ಕಣ್ಣು ಕಿರಿದು ಮಾಡಿ ನೋಡಿದರೆ, ನಾಣ್ಯವನ್ನು ಸುತ್ತುಹಾಕಿದ ಅಕ್ಷರಗಳು: ಎಸ್. ಎಸ್. ಗೈರ್ಸೊಪ್ಪ. ಗೇರುಮರದ ಸೊಪ್ಪು, ಮೆಣಸಿನ ಬಳ್ಳಿ, ಬಸದಿಯ ಕಲ್ಲು ಎಲ್ಲವನ್ನೂ ಒಳಗೊಂಡ ಹೆಸರು, ನಾಣ್ಯದ ಎರಡು ಮುಖಗಳಲ್ಲಿಯೂ ಸ್ಥಳ ಸಿಗದೆ, ಅಂಚಿಗೆ ಬಂದು ನಿಂತಿತ್ತು.

ಆಮೇಲೆ ನಾನು ಪ್ಯಾಡಿಂಗ್ಟನ್ನಿನಿಂದ ಪಶ್ಚಿಮದ ರೈಲು ಹಿಡಿದು ಕಾರ್ನ್‌ವಾಲಿಗೆ ಹೋದೆನು. ರೆಡ್‌ರೂಥಿನಲ್ಲಿ ಇಳಿದು, ಹೆಲ್ಸ್ಟನ್ನಿನ ಮೂಲಕ ಬಸ್ಸಿನಲ್ಲಿ, ಮರಗಳು ಕಡಮೆಯಾಗುತ್ತ ಗಾಳಿ ಹೆಚ್ಚುತ್ತ ಹೋಗುವ ಬಯಲನ್ನು ದಾಟಿದರೆ ಲಿಜರ್ಡ್ ಎಂಬ ಭೂಶಿರ. ಬ್ರಿಟನ್ನಿನ ಮುಖ್ಯಭೂಮಿ ದಕ್ಷಿಣಕ್ಕೆ ಇದಕ್ಕಿಂತ ಮುಂದೆ ಹೋಗುವುದಿಲ್ಲ. ಅಲ್ಲಿಯ ಶಿಲೆ ಹಸುರೂ ಕೆಂಪೂ ಬೆರೆತು ಹಾವಿನ ಚರ್ಮದಂತೆ ಮಿರುಗುವಂಥದು. ಅದರ ಹೆಸರೂ ಸರ್ಪಶಿಲೆಯೆಂದೇ. ಊರಿನವರು ಅದನ್ನು ಕಡೆದು ಪುಟ್ಟ ದೀಪಸ್ತಂಭಗಳನ್ನು ಮಾಡಿ ಪ್ರವಾಸಿಗಳಿಗೆ ಮಾರುತ್ತಾರೆ. ಊರಿನಿಂದ ಪಶ್ಚಿಮಕ್ಕೆ ಹುಲ್ಲಿನ ಕಾಲುದಾರಿಯಲ್ಲಿ ನಡೆದರೆ, ಬಂಡೆಗಳ ನಡುವೆ ಹರಿದುಬರುವ ಸಣ್ಣ ತೊರೆಯೊಂದು ಸಮುದ್ರವನ್ನು ಸೇರುವಲ್ಲಿ, ಕೆರ್ಥಿಲಿಯನ್ ಎಂಬ ಕಿರಿದಾದ ಕಡಲಕೊರೆ ಇದೆ. ಹಡಗು ಮುಳುಗಿದ ಹದಿಮೂರನೆಯ ದಿನ, 1941ರ ಮಾರ್ಚ್ 1ರಂದು, ಗೈರ್ಸೊಪ್ಪದ ಪ್ರಾಣರಕ್ಷಕ ದೋಣಿಯೊಂದು ಬಂದು ಸೇರಿದ್ದು ಇಲ್ಲಿಗೆ.

ಮುಳುಗುವ ಹಡಗಿನಿಂದ ಇಳಿದ ದೋಣಿಗಳಲ್ಲಿ ಉಳಿದದ್ದು ಇದೊಂದೇ. ಹಡಗಿನ ದ್ವಿತೀಯಾಧಿಕಾರಿ ರಿಚರ್ಡ್ ಏರ್ಸ್ ಅದರ ಚುಕ್ಕಾಣಿ ಹಿಡಿದಿದ್ದನು. ಮೂವತ್ತರಷ್ಟು ಜನ ಅದರಲ್ಲಿದ್ದರು, ಅವರಲ್ಲಿ ಹೆಚ್ಚಿನವರು ಭಾರತೀಯ ನಾವಿಕರು. ಫೆಬ್ರವರಿಯ ಉತ್ತರ ಅಟ್ಲಾಂಟಿಕ್ಕಿನ ಚಳಿ. ಬಂಗಾಳದ ಹವೆಗೆ ಹೊಲಿದ ತೆಳುಬಟ್ಟೆ. ಅಳೆದು ಹಂಚಿದ ಬಿಸ್ಕತ್ತು ಮತ್ತು ಗುಟುಕು ನೀರು. ಅದೂ ಒಂದು ವಾರಕ್ಕೆ ಮುಗಿದು, ಆಮೇಲೆ ಮಳೆಯ ಹನಿಯೇ ಗತಿ. ಒಬ್ಬೊಬ್ಬರಾಗಿ ಸತ್ತರು. ಲಿಜರ್ಡಿನ ದೀಪಸ್ತಂಭ ಕಂಡಾಗ ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ. ದಡವು ಕೈಗೆಟುಕುವಂತಿದ್ದಾಗ ಅಲೆಯೊಂದು ದೋಣಿಯನ್ನು ಮಗುಚಿತು. ಬಾಂಬುಗಳಿಂದ ಪಾರಾಗಲೆಂದು ಆ ಪ್ರಾಂತಕ್ಕೆ ಕಳುಹಿಸಲ್ಪಟ್ಟಿದ್ದ ಬಾಲಕಿಯರು ಇದನ್ನು ಕಂಡು ಓಡಿಹೋಗಿ ಜನರನ್ನು ಕರೆತಂದರು. ಹಗ್ಗದ ನೆರವಿನಿಂದ ಎಳೆದು ಬದುಕಿಸಲಾದವನು ಏರ್ಸ್ ಒಬ್ಬನೇ. ಹಡಗಿನಲ್ಲಿದ್ದ ಎಂಬತ್ತಕ್ಕೂ ಮಿಕ್ಕ ಜನರಲ್ಲಿಯೂ ಉಳಿದವನು ಆತನೊಬ್ಬನೇ. ಸಂಗಡಿಗರನ್ನು ಉಳಿಸಲು ಆತನು ಪಟ್ಟ ಶ್ರಮಕ್ಕಾಗಿ ಅರಸನು ಗೌರವವಿತ್ತನು, ಚೇತರಿಸಿಕೊಂಡ ತರುವಾಯ ಆತನು ಮತ್ತೆ ಸಮುದ್ರಕ್ಕೇ ಹೋದನು, 1992ರವರೆಗೆ ಬಾಳಿದನು.

ಕೊರೆಯ ಬಂಡೆಯ ಮೇಲೆ ಕುಳಿತು ನೋಡಿದಾಗ ಸಮುದ್ರ ಅಂದು ಸೌಮ್ಯವಾಗಿತ್ತು. ಹತ್ತು ಮಾರು ದೂರದಲ್ಲಿ ನೀರು ಬಂಡೆಯ ನೆತ್ತಿಯನ್ನು ತೊಳೆದು, ಬಿಳಿಯ ಜುಟ್ಟುಗಳಾಗಿ ಸೀಳಿ, ಹಿಂದೆ ಸರಿಯುತ್ತಿತ್ತು. ಹದಿಮೂರು ದಿನಗಳನ್ನು ಸಹಿಸಿದವರಿಗೆ ಈ ಹತ್ತು ಮಾರನ್ನು ದಾಟಲಾಗಲಿಲ್ಲವೆಂಬುದು ಬುದ್ಧಿಗೆ ತಿಳಿದರೂ ಕಣ್ಣು ಒಪ್ಪಲಿಲ್ಲ.

ಊರಿನ ಇನ್ನೊಂದು ಮಗ್ಗುಲಿಗೆ, ಲ್ಯಾಂಡೆವೆಡ್ನಾಕಿನಲ್ಲಿ, ಸರ್ಪಶಿಲೆಯನ್ನೂ ಬೆಣಚುಕಲ್ಲನ್ನೂ ಚದುರಂಗದ ಹಾಸಿನಂತೆ ಹೊಂದಿಸಿ ಕಟ್ಟಿದ ಗೋಪುರದ ಪುರಾತನವಾದ ಚರ್ಚಿದೆ. ದಡಕ್ಕೆ ಬಂದ ದೇಹಗಳನ್ನು ಅದರ ಅಂಗಳದಲ್ಲಿ ಮಣ್ಣುಮಾಡಿದರು. ಮರಗಳ ನೆರಳು ಬಿದ್ದ ಆ ಇಳಿಜಾರಿನಲ್ಲಿ ಸಮಾಧಿಗಳ ನಡುವೆ ತಿರುಗಾಡುತ್ತಿದ್ದಾಗ ದೋಣಿಯವನ ಪ್ರಶ್ನೆಯು ಮತ್ತೆ ಎದುರು ನಿಂತಿತು. ಇಂಗ್ಲಿಷರ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಜನ ನಮ್ಮ ದೇಶದವರು; ಅವರಿಗೆ ಲಸ್ಕರರೆಂದು ಹೆಸರು. ಸಾರಂಗನೆಂಬ ಮುಖಂಡನ ಕೈಕೆಳಗೆ, ಬಿಳಿಯ ನಾವಿಕನ ಸಂಬಳದ ಒಂದು ಚೂರಿಗೆ, ಹಡಗಿನ ತಳದ ಕೋಣೆಯಲ್ಲಿ ಕುಲುಮೆಗೆ ಕಲ್ಲಿದ್ದಲನ್ನು ತೋಡಿ ಹಾಕುವ ಕೆಲಸ ಅವರಲ್ಲಿ ಬಹಳ ಮಂದಿಯದು. ಕಲಕತ್ತೆಯಿಂದ ಹೊರಡುವ ಹಡಗುಗಳಿಗೆ ಇಂಥವರು ಬಹುಮಟ್ಟಿಗೆ ಬರುತ್ತಿದ್ದುದು ಪೂರ್ವಬಂಗಾಳದ ಸಿಲ್ಹಟ್, ನೌಖಾಲಿ, ಚಿತ್ತಗಾಂಗುಗಳ ಹೊಳೆಬದಿಯ ಹಳ್ಳಿಗಳಿಂದ. ಕಲ್ಲಿದ್ದಲು ಸಾಲದಾಗಿದೆಯೆಂಬುದು ಕಪ್ತಾನನ ಲೆಕ್ಕದ ಪುಸ್ತಕಕ್ಕೆ ಬರುವ ಮೊದಲೇ, ಖಾಲಿಯಾಗುತ್ತಿದ್ದ ರಾಶಿಯನ್ನು ಸಲಿಕೆಯಿಂದ ಕೆರೆಯುತ್ತಿದ್ದ ಅವರ ಕೈಗಳಿಗೆ ತಿಳಿದಿದ್ದಿರಬೇಕು.

ಅಂಚೆ ವಸ್ತುಸಂಗ್ರಹಾಲಯದಲ್ಲಿ ನನ್ನನ್ನು ಕಾಡಿದ್ದ, ಆದರೆ ಮಾತಿಗೆ ಸಿಕ್ಕದಿದ್ದ ಒಂದು ಕೊರತೆ ಇಲ್ಲಿ ಸ್ಪಷ್ಟವಾಯಿತು. ನಾನು ನೋಡಿದ ಗಾಜಿನ ಪೆಟ್ಟಿಗೆಗಳಲ್ಲಿ ಲಸ್ಕರನೊಬ್ಬನು ಮನೆಗೆ ಬರೆದ ಪತ್ರವಿರಲಿಲ್ಲ. ಇರುವುದಾದರೂ ಹೇಗೆ? ಹಡಗು ಇಂಗ್ಲೆಂಡಿನತ್ತ ಹೋಗುತ್ತಿತ್ತು, ಅಂಚೆಯೂ ಅತ್ತಲೇ. ಅವರ ಮನೆಗಳು ಹಡಗಿನ ಬೆನ್ನ ಹಿಂದೆ ಇದ್ದವು. ಅವರು ಕ್ಷೇಮಸಮಾಚಾರವನ್ನು ಬರೆಸಬೇಕಾಗಿದ್ದುದು ಲಿವರ್‌ಪೂಲಿನಲ್ಲಿ ಇಳಿದ ಮೇಲೆ. ಬರೆಯದ ಪತ್ರವನ್ನು ಯಾವ ಯಂತ್ರ ಯಾವ ಆಳದಿಂದ ಎತ್ತೀತು?

ಹಡಗಿನ ಬ್ರಿಟಿಷ್ ನಾವಿಕರ ಹೆಸರುಗಳನ್ನು ಲಂಡನ್ನಿನ ಟವರ್ ಹಿಲ್ಲಿನ ಸ್ಮಾರಕದ ಕಂಚಿನ ಫಲಕಗಳಲ್ಲಿ ಕೊರೆದಿದ್ದಾರೆ. ಆ ಯುದ್ಧದಲ್ಲಿ ಕಡಲ ಪಾಲಾದ ಭಾರತೀಯ ನಾವಿಕರ ಹೆಸರುಗಳು ಪುಸ್ತಕವೊಂದರಲ್ಲಿವೆ. ಆರು ಸಾವಿರಕ್ಕೂ ಮಿಕ್ಕ ಆ ಹೆಸರುಗಳ ಒಂದು ಪ್ರತಿ ಚಿತ್ತಗಾಂಗಿನ ಯುದ್ಧಸ್ಮಶಾನದಲ್ಲಿಯೂ, ಅದರ ಪಡಿಯಚ್ಚಾದ ಇನ್ನೊಂದು ಮುಂಬಯಿಯ ನಾವಿಕರ ವಸತಿಗೃಹದಲ್ಲಿಯೂ ಇದೆ. ತೆರೆದು ನೋಡುವವರಿಗೆ ಕಾಣುತ್ತದೆ. ಬೀದಿಯಲ್ಲಿ ಹೋಗುವವನ ಕಣ್ಣಿಗೆ ತಾನಾಗಿ ಬೀಳುವುದಿಲ್ಲ.

ಹೊರಡುವ ಮುನ್ನ ಲಿಜರ್ಡಿನ ಅಂಗಡಿಯಲ್ಲಿ ದೀಪಸ್ತಂಭದ ಚಿತ್ರವಿದ್ದ ಕಾರ್ಡೊಂದನ್ನು ಕೊಂಡು, ಮನೆಗೆ ನಾಲ್ಕು ಸಾಲು ಬರೆದೆನು. ಕೈಯು ಅಭ್ಯಾಸಬಲದಿಂದ ಎಲ್ಲಕ್ಕೂ ಮೊದಲು ‘ಕ್ಷೇಮ’ ಎಂದು ಬರೆದುಬಿಟ್ಟಿತ್ತು. ಆ ಪದವನ್ನು ಬಿಟ್ಟು ಸುದ್ದಿಗೆ ಜಾಗ ಮಾಡಬೇಕೆಂದು ಈ ಸಲ ಅನ್ನಿಸಲಿಲ್ಲ. ಕಾರ್ಡು ನನಗಿಂತ ಒಂದು ವಾರ ತಡವಾಗಿ ಬಂದಿತು. ಅಂಚೆಯಾಳಿನ ಕೈಯಿಂದ ಅದನ್ನು ನಾನೇ ತೆಗೆದುಕೊಂಡೆನು.

ಮಳೆಗಾಲ ಕಳೆದ ಮೇಲೆ ಮತ್ತೆ ಗೇರುಸೊಪ್ಪೆಗೆ ಹೋದೆನು. ಹೊಳೆ ಇನ್ನೂ ಕೆಂಪಾಗಿತ್ತು. ದೋಣಿಯವನು ಗುರುತು ಹಿಡಿದನು. ನಾಣ್ಯವನ್ನು ಅವನ ಅಂಗೈಯಲ್ಲಿಟ್ಟು, ಇದು ಆ ಹಡಗಿನ ಬೆಳ್ಳಿಯೆಂದೆನು. ಅವನು ಅದನ್ನು ಮೇಲಕ್ಕೂ ಕೆ‍ಳಕ್ಕೂ ತೂಗಿ, ತ್ರಿಶೂಲ ಹಿಡಿದ ದೇವಿಯನ್ನು ಯಾರೆಂದು ಕೇಳದೆ, ಅಂಚಿನ ಮೇಲೆ ಉಗುರನ್ನು ಎಳೆದು ನೋಡಿದನು. ಅಲ್ಲಿ ನಿಮ್ಮ ಊರಿನ ಹೆಸರಿದೆಯೆಂದು ಹೇಳಿದೆನು. ಅವನ ಹಳೆಯ ಪ್ರಶ್ನೆಗೂ ಉತ್ತರ ಕೊಟ್ಟೆನು: ಹಡಗಿನಲ್ಲಿ ಬಹಳ ಮಂದಿ ನಮ್ಮ ದೇಶದವರೇ ಇದ್ದರು, ಬಂಗಾಳದ ಕಡೆಯ ಹೊಳೆಸಾಲಿನವರು, ದೋಣಿ ನಡೆಸಿ ಬಲ್ಲವರು, ಅವರಲ್ಲಿ ಒಬ್ಬರೂ ಉಳಿಯಲಿಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದನು. “ಅವ್ರ ಮನೆಗೆ ಕಾಗ್ದ ಹೋಯ್ತಾ?” ಎಂದು ಕೇಳಿದನು.

ಎಷ್ಟು ಮೀಟರ್ ಆಳ, ಎಷ್ಟು ಗಟ್ಟಿ, ಎಷ್ಟು ಔನ್ಸು ಎಂಬುದನ್ನೆಲ್ಲ ಹೇಳಬಲ್ಲವನಾಗಿದ್ದ ನಾನು ಹೊಳೆಯ ಕಡೆಗೆ ನೋಡುತ್ತ ಕುಳಿತೆನು. ಅವನು ನಾಣ್ಯವನ್ನು ನನ್ನ ಕೈಗೆ ಮರಳಿಸಿ, ಬಗ್ಗಿ, ದೋಣಿಯ ತಳದಲ್ಲಿ ನಿಂತಿದ್ದ ನೀರನ್ನು ಕರಟದಿಂದ ಮೊಗೆದು ಮೊಗೆದು ಹೊರಗೆ ಚೆಲ್ಲತೊಡಗಿದನು.